ಅಂಚೆಯವರ ಮನೆಯ ಕಾಯಂ ನಂಬರು

ಇಪ್ಪತ್ತಾರು ವರ್ಷ ಊರಿಗೆಲ್ಲ ಕಾಗದ ಹಂಚಿದ ಪೋಸ್ಟ್‌ಮ್ಯಾನ್ ಮನೆಯಿಂದಲೇ ಒಂದು ಕಾಗದ ಹೊರಡದೆ ಕೂತರೆ ಮಾನ ಉಳಿಯುತ್ತದೆಯೇ? ಹೆಂಡತಿಯ ಅರ್ಜಿ ನಾಲ್ಕು ಗಂಟೆಯೊಳಗೆ ಇ-ಮೇಲ್‌ನಲ್ಲಿ ಶಾಲೆ ಸೇರಬೇಕಿತ್ತು. ಮಕ್ಕಳಿಗಾಗಿ ಅವಳು ಬಿಟ್ಟಿದ್ದ ಭೂಗೋಳದ ಟೀಚರ್ ಕೆಲಸ ಹನ್ನೊಂದು ವರ್ಷದ ಮೇಲೆ ಮತ್ತೆ ಸಿಗುವಂತಿತ್ತು. ಆಗಲೇ ಮೂರೂಕಾಲು. ಕಂಪ್ಯೂಟರಿನ ಮೋಡೆಮ್ ಕೀಚ್ ಕೀಚ್ ಎಂದು ಅರಚಿ ಫೋನ್ ಲೈನು ಹಿಡಿಯುತ್ತಿತ್ತು, ಸಂಪರ್ಕ ಸಿಕ್ಕಿತೆಂದೂ ತೋರಿಸುತ್ತಿತ್ತು. ಆದರೆ ಒಂದು ಪುಟವೂ ತೆರೆಯದು, ಒಂದಕ್ಷರವೂ ಹೊರಡದು.

“ನೀನು ಸುಮ್ನಿರು, ನಾನಿದೀನಲ್ಲ!” ಎಂದು ಅವರು ಮೇಜಿನ ಕೆಳಗೆ ಅಂತರ್ಧಾನರಾದರು. ತಂತಿ ಕಿತ್ತರು, ಊದಿದರು, ಮತ್ತೆ ಸಿಕ್ಕಿಸಿದರು. (ಟೇಬಲ್ ಫ್ಯಾನಿನ ತಂತಿಯನ್ನೂ ಕಿತ್ತರು. ಶೋಧನೆಯಲ್ಲಿ ಪಕ್ಷಪಾತ ಸಲ್ಲದು.)

ಮೂರೂ ನಲವತ್ತಕ್ಕೆ ಹೆಂಡತಿ, “ಸಾಕು, ಏಳ್ರಿ,” ಎಂದು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು ಕಂಪ್ಯೂಟರಿನಲ್ಲಿ ಅಲ್ಲಿ ಇಲ್ಲಿ ಒತ್ತಿದಳು. “ಇಲ್ಲಿ ಐಪಿ ವಿಳಾಸ, ಅಂದ್ರೆ ನೆಟ್ಟಿನಲ್ಲಿ ನಮ್ಮ ಕಂಪ್ಯೂಟರಿನ ವಿಳಾಸ, ಅದರ ಜಾಗದಲ್ಲಿ ಯಾರೋ ಒಂದು ನಂಬರ್ ಕೂರಿಸಿದಾರೆ.”

“ನಾನೇ ಕಣೆ. ಡಯಲ್ ಮಾಡಿದಾಗೆಲ್ಲ ಹೊಸ ವಿಳಾಸ ಕೊಡ್ತಾನೆ ಆ ಇಂಟರ್ನೆಟ್ಟಿನೋನು. ಮರ್ಯಾದಸ್ಥರ ಮನೆಗೆ ದಿನಕ್ಕೊಂದು ವಿಳಾಸವಾ? ಮೊನ್ನೆ ಬಂದಿದ್ದನ್ನೇ ಕಾಯಂ ಮಾಡಿಬಿಟ್ಟೆ.”

“ಅದು ಲಾಡ್ಜಿನ ರೂಮ್ ನಂಬರ್ ಇದ್ದ ಹಾಗೆ ರೀ. ನಾವು ಬಿಟ್ಟ ಮೇಲೆ ಅಲ್ಲಿ ಇನ್ಯಾರೋ ಇರ್ತಾರೆ. ಹಳೇ ನಂಬರನ್ನೇ ಹೇಳ್ಕೊಂಡು ಕೂತ್ರೆ ನಮ್ಮ ಕಾಗದ ನಮಗೆ ಹೇಗೆ ಸೇರತ್ತೆ?”

ಇದನ್ನು ಒಬ್ಬ ಪೋಸ್ಟ್‌ಮ್ಯಾನ್ ಹೇಳಿಸಿಕೊಳ್ಳಬೇಕಾಯಿತಲ್ಲ! ಅವಳು ಆ ನಂಬರನ್ನು ಅಳಿಸಿ, ವಿಳಾಸ ತಾನಾಗಿಯೇ ಬರಲಿ ಎಂಬುದಕ್ಕೆ ಗುರುತು ಹಾಕಿ, ಮತ್ತೆ ಡಯಲ್ ಮಾಡಿದಳು. ಮೂರೂ ಐವತ್ತೆರಡಕ್ಕೆ ಅರ್ಜಿ ಹೊರಟಿತು. ಅವರಿಗೆ ಕಣ್ಣು ತುಂಬಿ ಬಂತು. ಇಂಥ ಬುದ್ಧಿವಂತೆಯನ್ನು ಇಷ್ಟು ವರ್ಷ ಸಾರಿನ ಉಪ್ಪು ನೋಡುವುದಕ್ಕೆ ಇಟ್ಟುಕೊಂಡಿದ್ದೆನಲ್ಲ ಎಂದು ನಾಚಿಕೆಯೂ ಆಯಿತು. ಅಷ್ಟರಲ್ಲಿ ಏನೋ ನೆನಪಾಗಿ ಹಣೆ ಚಚ್ಚಿಕೊಂಡರು.

“ಲೇ... ಅರ್ಜಿ ಟೈಪ್ ಮಾಡಿದ್ದು ನಾನಲ್ವಾ? ಕಾಯಂ ವಿಳಾಸ ಅನ್ನೋ ಕಡೆ, ಮನೆ ನಂಬರ್ ಬದಲು, ಆ ಮೊನ್ನೆಯ ನಂಬರನ್ನೇ...”

“ಹಾಕಿದ್ರಿ. ಮೂರೂವರೆಗೇ ತಿದ್ದಿದೀನಿ. ಮೋಡೆಮ್ಮಿಗೂ ನಿಮ್ಮ ಕೈ ತಾಗಿದೆ ಅಂತ ಆಗ್ಲೇ ಗೊತ್ತಾಯ್ತು.”

“ಗೊತ್ತಿದ್ದೂ ನನ್ನನ್ನ ಮೇಜಿನ ಕೆಳಗೇ ಬಿಟ್ಯಾ?”

“ಅರ್ಜಿ ಕೊನೇ ಸಲ ಸಮಾಧಾನವಾಗಿ ಓದ್ಬೇಕಿತ್ತು ರೀ. ನೀವು ಮೇಲಿದ್ರೆ ಆಗ್ತಿತ್ತಾ?”