ಕಡಲ ದಂಡೆಯಲ್ಲಿ ಹೋರಿ ವ್ಯಾನು

ಯಾವ ಹುಚ್ಚು ಯಾರಿಗೆ ಎಲ್ಲಿಂದ ಹತ್ತುತ್ತದೆ ಎಂದು ಹೇಳಲು ಬರುವುದಿಲ್ಲ. ಕೆಲವರಿಗೆ ಪುಸ್ತಕದಿಂದ ಹತ್ತುತ್ತದೆ, ಕೆಲವರಿಗೆ ಗೆಳೆಯರಿಂದ. ನನಗೆ ಮಿರ್ಚಿ ಭಜಿಯಿಂದ ಹತ್ತಿತು. ಎಪ್ಪತ್ತರ ದಶಕ ಮುಗಿದು ಎಂಬತ್ತು ಆಗಷ್ಟೇ ಹಿಡಿದಿತ್ತು. ನಾನು ಗದಗಿನ ಒಂದು ಛಾಪಖಾನೆಯಲ್ಲಿ ಪ್ರೂಫ್ ನೋಡುತ್ತಿದ್ದೆ. ಬೆಟಗೇರಿಯ ಮನೆಯಿಂದ ಸೈಕಲ್ ತುಳಿದುಕೊಂಡು ಹೋಗುವುದು, ದಿನವಿಡೀ ಲಗ್ನಪತ್ರಿಕೆ ಮತ್ತು ಪಂಚಾಂಗಗಳಲ್ಲಿ ತಪ್ಪು ಹುಡುಕುವುದು, ಸಂಜೆ ಭಜಿ ಕಟ್ಟಿಸಿಕೊಂಡು ಮನೆಗೆ ಬರುವುದು, ಇಷ್ಟೇ ನನ್ನ ಬಾಳು. ಒಂದು ಸಂಜೆ ಭಜಿ ಕಟ್ಟಿದ ಕಾಗದ ಯಾವುದೋ ಪರದೇಶದ ಪತ್ರಿಕೆಯ ಹಾಳೆಯಾಗಿತ್ತು. ಅದರಲ್ಲೊಂದು ಚಿತ್ರ. ಸಮುದ್ರದ ದಂಡೆ, ಅಲ್ಲೊಂದು ವ್ಯಾನು, ವ್ಯಾನಿನ ಕಿಟಕಿಗೆ ಹೂವಿನ ಪರದೆ, ಮುಂದೆ ಮಡಚುವ ಕುರ್ಚಿ ಹಾಕಿಕೊಂಡು ಗಂಡಹೆಂಡತಿ ಚಹಾ ಕುಡಿಯುತ್ತಿದ್ದಾರೆ. ಎಣ್ಣೆ ಹೀರಿದ ಕಡೆಯಲ್ಲಿ ಸಮುದ್ರ ಇನ್ನಷ್ಟು ಹೊಳೆಯುತ್ತಿತ್ತು. ಭಜಿ ಆರಿ ಹೋದರೂ ನಾನು ಚಿತ್ರ ಬಿಡಲಿಲ್ಲ.

ಇಂಗ್ಲಿಷ್ ಬಲ್ಲ ನಮ್ಮ ಕಂಪೋಜಿಟರ್ ಚಿತ್ರದ ಕೆಳಗಿನ ಸಾಲು ಓದಿ, ಇವರು ಲಾಡ್ಜಿಗೆ ಹೋಗುವುದಿಲ್ಲ, ಸಮುದ್ರದಗುಂಟ ಎಲ್ಲಿ ಮನಸ್ಸು ಬಂತೋ ಅಲ್ಲಿ ವ್ಯಾನು ನಿಲ್ಲಿಸಿ ಪುಕ್ಕಟೆಯಾಗಿ ಮಲಗುತ್ತಾರೆ ಎಂದು ಹೇಳಿದ. ಅಂದಿನಿಂದ ನನ್ನ ತಲೆಯಲ್ಲಿ ಬರೀ ಪ್ರಶ್ನೆಗಳು. ವ್ಯಾನಿನಲ್ಲಿ ಕಾಲು ಎತ್ತ ಚಾಚುತ್ತಾರೆ? ಕುಡಿಯುವ ನೀರು ಎಲ್ಲಿಂದ ತರುತ್ತಾರೆ? ಬೆಳಗಾದರೆ ಚರಿಗೆ ಹಿಡಿದು ಯಾವ ಕಡೆ ಹೋಗುತ್ತಾರೆ? ಊರವರು ಬಂದು ‘ನೀವು ಯಾರ ಪೈಕಿ’ ಎಂದು ಕೇಳುವುದಿಲ್ಲವೇ? ನಮ್ಮ ಕಡೆಯೂ ವಸ್ತಿ ಬಸ್ಸುಗಳಿದ್ದವು. ರಾತ್ರಿ ಶಿರಹಟ್ಟಿಗೋ ಮುಂಡರಗಿಗೋ ಹೋಗಿ ನಿಂತು ಬೆಳಗ್ಗೆ ಹೊರಡುವ ಬಸ್ಸುಗಳು. ಅದರ ಸೀಟಿನ ಮೇಲೆ ಡ್ರೈವರು ಮುದುಡಿ ಮಲಗಿದ್ದನ್ನು ನೋಡಿ ನನಗೆ ಎಂದೂ ಹೊಟ್ಟೆಕಿಚ್ಚು ಆಗಿದ್ದಿಲ್ಲ. ಅದೇ ಕೆಲಸವನ್ನು ಸಮುದ್ರದ ಮುಂದೆ ಮಾಡಿದರೆ ಇಷ್ಟೊಂದು ಸುಖವಾಗಿ ಕಾಣುವುದು ಏಕೆ? ಇದನ್ನು ತಿಳಿಯದೆ ಸಾಯಬಾರದು ಎಂದು ನಿಶ್ಚಯಿಸಿದೆ.

ಚಿತ್ರವನ್ನು ಹೆಂಡತಿ ನೀಲವ್ವನಿಗೆ ತೋರಿಸಿದೆ. ಅವಳು ಅಸುಂಡಿಯ ಒಕ್ಕಲುತನದ ಮನೆಯವಳು. ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, “ಇವರ ಮನ್ಯಾಗ ದನಕರ ಇಲ್ಲೇನ್ರಿ?” ಎಂದು ಕೇಳಿದಳು.

“ಚಿತ್ರದಾಗ ಅದನ್ನೆಲ್ಲಾ ಹ್ಯಾಂಗ ತೋರಸ್ತಾರ?” ಎಂದೆ.

“ಇದ್ದಿದ್ರ ಹಿಂಗ ಬಂದು ಕುಂಡ್ರತಿದ್ದಿಲ್ಲ ಬಿಡ್ರಿ.”

ಅವಳ ಮಾತಿಗೆ ಕಾರಣವಿತ್ತು. ಮದುವೆಯಲ್ಲಿ ಮಾವನವರು ಕೊಟ್ಟ ಎಮ್ಮೆ ಚೆನ್ನಿ ಆಗ ತುಂಬಿದ ಗಬ್ಬ. ಇವತ್ತೋ ನಾಳೆಯೋ ಎನ್ನುವಂತಿರಲಿಲ್ಲ, ಆದರೆ ಬಹಳ ದಿನ ಉಳಿದಿರಲೂ ಇಲ್ಲ. ಅದರ ಹಿಂದಿನ ಸೂಲಿನ ಕರು ಉಳಿದಿರಲಿಲ್ಲ. ನೀಲವ್ವ ಆಗ ತವರಿಗೆ ಹೋಗಿದ್ದಳು. ತಾನು ಇದ್ದಿದ್ದರೆ ಉಳಿಯುತ್ತಿತ್ತು ಎಂಬುದು ಅವಳ ಎದೆಯಲ್ಲಿ ಕೂತಿತ್ತು. ನಾನೋ, ಪೇಟೆಯ ಜಾಣ. ಅವಳ ದನದ ಮಾತು ಶುರುವಾದರೆ, “ಬಂತಪಾ ಅಸುಂಡಿ ಪಂಚಾಂಗ” ಎಂದು ನಗಾಡುತ್ತಿದ್ದೆ. ಹೀಗೆ ನಗಾಡುವವನಿಗೇ ದೇವರು ಕಾದಿರುತ್ತಾನೆ.

ನನಗೆ ವ್ಯಾನು ಒದಗಿಸಿದವನು ಗೆಳೆಯ ದಸ್ತಗೀರ. ಲಕ್ಷ್ಮೇಶ್ವರದವನು, ಬೆಟಗೇರಿಯಲ್ಲಿ ಗಾಡಿ ರಿಪೇರಿಯ ಶೆಡ್ಡು ಇಟ್ಟಿದ್ದ. ಯಾವುದೋ ಜಿಲ್ಲೆಯ ದನದ ದವಾಖಾನೆಯ ಹಳೆಯ ವ್ಯಾನನ್ನು ಲಿಲಾವಿನಲ್ಲಿ ಸವಾಲು ಕೂಗಿ ಹಿಡಿದು ತಂದಿದ್ದ. ಅದರ ಎರಡೂ ಬದಿಗೆ ಆಳೆತ್ತರದ ಹೋರಿಯ ಚಿತ್ರ. ದಸ್ತಗೀರ ಅದರ ಮೇಲೆ ನೀಲಿ ಬಣ್ಣ ಬಳಿದು, “ಒಂದ ಕೋಟ್ ಸಾಕ್ರಿ ಅಣ್ಣಾರ, ಹೋರಿ ಮುಚ್ಚಿ ಹೋತು” ಎಂದ. ಮುಂದಿನ ವಾರದಿಂದ ವ್ಯಾನು ಮೆಣಸಿನಕಾಯಿ ಚೀಲ ಹೊರುವ ಕೆಲಸಕ್ಕೆ ಹೋಗುವುದಿತ್ತು. ಖಾಲಿ ಇದ್ದದ್ದು ನಾಲ್ಕೇ ದಿನ. ನೀಲವ್ವನನ್ನು ಒಪ್ಪಿಸಲು ನಾನು ಪಟ್ಟ ಪಾಡು ಆ ದೇವರಿಗೇ ಗೊತ್ತು. ಕೊನೆಗೆ ಅವಳು ಒಂದು ಕರಾರು ಹಾಕಿದಳು.

“ನಾಕ ದಿನ ಅಂದ್ರ ನಾಕ ದಿನ. ನಾಕನೇ ದಿನ ದೀಪಾ ಹಚ್ಚೂದ್ರಾಗ ನಾ ಚೆನ್ನಿ ಮುಂದ ಇರಬೇಕು. ಈ ಸಲಾನೂ ಕರಾ ಹೋತಂದ್ರ, ನಾ ನಿಮ್ಮ ಕೂಡ ಜನ್ಮದಾಗ ಮಾತಾಡೂದಿಲ್ಲ.”

ಅವಳು ಹೇಳಿದ್ದನ್ನು ಮಾಡುವ ಪೈಕಿ. ಎಮ್ಮೆಯನ್ನು ನನ್ನ ಅವ್ವನಿಗೆ ಒಪ್ಪಿಸಿ, ಕಟಕ ರೊಟ್ಟಿ, ಶೇಂಗಾ ಚಟ್ನಿ, ಸ್ಟವ್ವು, ಕಿಟಕಿಗೆ ಪರದೆಯಾಗಿ ಹಳೇ ಸೀರೆ, ಪೆಂಡಾಲಿನವರಿಂದ ಕಾಡಿ ಬೇಡಿ ತಂದ ಎರಡು ಮಡಚುವ ಕುರ್ಚಿ, ಇಷ್ಟನ್ನೂ ತುಂಬಿಕೊಂಡು, ದಸ್ತಗೀರನನ್ನೇ ಡ್ರೈವರು ಮಾಡಿಕೊಂಡು ಹೊರಟೆವು. ಹುಬ್ಬಳ್ಳಿ ದಾಟಿ, ಯಲ್ಲಾಪುರ ದಾಟಿ, ಘಟ್ಟ ಇಳಿದು ಅಂಕೋಲೆಯ ಕಡೆ ಸಮುದ್ರ ಮುಟ್ಟುವಷ್ಟರಲ್ಲಿ ಕತ್ತಲಾಗಿ ಏನೂ ಕಾಣಲಿಲ್ಲ. ಸಪ್ಪಳ ಮಾತ್ರ ಕೇಳಿಸಿತು. ನೀಲವ್ವ ಕಿವಿಗೊಟ್ಟು ಕೇಳಿ, “ಇಷ್ಟೊತ್ತಿನಾಗ ಯಾರ ಗಿರಣಿ ನಡದೈತಿ?” ಎಂದಳು. ಗಾಳಿಮರಗಳ ಕೆಳಗೆ ವ್ಯಾನು ನಿಲ್ಲಿಸಿ ಮಲಗಿದೆವು. ದಸ್ತಗೀರ ಹೊರಗೆ ಚಾಪೆ ಹಾಸಿಕೊಂಡ. ಕಾಲು ಎತ್ತ ಚಾಚುತ್ತಾರೆ ಎಂಬ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಚಾಚುವುದಿಲ್ಲ.

ಬೆಳಗ್ಗೆ ಹೊರಗೆ ಗುಜುಗುಜು ಕೇಳಿ ಸೀರೆ ಸರಿಸಿ ನೋಡಿದೆ. ಐದಾರು ಜನ, ಮೂರು ಆಕಳು, ಒಂದು ಆಡು, ಸರತಿಯಲ್ಲಿ ನಿಂತಿದ್ದವು. ಇಳಿದು ತಿರುಗಿ ನೋಡಿದರೆ, ಇಬ್ಬನಿಯಲ್ಲಿ ತೊಯ್ದ ನೀಲಿ ಬಣ್ಣದೊಳಗಿಂದ ಹೋರಿ ನಿಚ್ಚಳವಾಗಿ ಎದ್ದು ನಿಂತಿತ್ತು. ಇಷ್ಟುದ್ದ ಕೋಡು, ಬೆನ್ನ ಮೇಲೆ ಇಷ್ಟೆತ್ತರ ಇಣಿ. ದಸ್ತಗೀರ ತಲೆ ಕೆರೆದುಕೊಂಡು, “ಖರೇನ ಜಾತಿವಂತ ಹೋರಿ ನೋಡ್ರಿ ಇದು, ಬಣ್ಣಾ ಹರಕೊಂಡು ಬಂತು” ಎಂದ.

ನಾನು ಆಗಲೇ ನಿಜ ಹೇಳಬೇಕಿತ್ತು. ಆದರೆ ಮುಂದೆ ನಿಂತಿದ್ದವನು, “ಡಾಕ್ಟ್ರೇ, ಎರಡು ದಿನ ಆಯ್ತು, ದನ ಹುಲ್ಲು ಮುಟ್ಟೂದಿಲ್ಲ” ಎಂದು ಕೈ ಮುಗಿದುಬಿಟ್ಟ. ಛಾಪಖಾನೆಯಲ್ಲಿ ಮಾಲಕರಿಂದ ಹಿಡಿದು ಮಸಿ ಹಚ್ಚುವವರವರೆಗೆ ಎಲ್ಲರೂ ನನ್ನನ್ನು ‘ಏ, ಪ್ರೂಫ್’ ಎಂದೇ ಕರೆಯುತ್ತಿದ್ದರು. ಡಾಕ್ಟರು ಎನ್ನಿಸಿಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು. ಎರಡು ನಿಮಿಷ ಅನುಭವಿಸಿ ಆಮೇಲೆ ಹೇಳಿದರಾಯಿತು ಎಂದುಕೊಂಡು, ಕನ್ನಡಕ ಏರಿಸಿ, ಗಂಭೀರವಾಗಿ ಆಕಳಿನ ಬಾಯಿ ತೆರೆಯಲು ಹೋದೆ. ಅದಕ್ಕೆ ನನ್ನ ಪದವಿಯ ಬಗ್ಗೆ ಸಂಶಯ ಬಂದಿರಬೇಕು. ತಲೆಯಿಂದ ಒಂದೇ ಸಲ ನೂಕಿತು. ನಾನು ಮರಳಿನಲ್ಲಿ ಕೂತೆ.

ನೀಲವ್ವ ವ್ಯಾನಿನಿಂದ ಇಳಿದು ಬಂದಳು. ನನ್ನನ್ನು ಎಬ್ಬಿಸಲಿಲ್ಲ. ಆಕಳನ್ನೇ ಸುತ್ತು ಹಾಕಿ ನೋಡಿ, “ಅಯ್ಯ, ಎಷ್ಟ ಸಣ್ಣ ಆಕಳ್ರೀ ಇವು, ನಮ್ಮ ಕಡೆ ಕರಾ ಇಷ್ಟಿರತಾವು” ಎಂದು ಬೆರಗಾದಳು. ಆಮೇಲೆ ಕೊರಳಿನ ಗಂಗೆದೊಗಲು ಸವರುತ್ತ, ಏನೋ ಮಾತಾಡುತ್ತ, ಬಾಯೊಳಗೆ ಕೈ ಹಾಕಿ ನಾಲಗೆ ಬುಡದಿಂದ ಬೆರಳುದ್ದದ ಮುಳ್ಳೊಂದನ್ನು ಕಿತ್ತು ತೆಗೆದಳು. “ನಾವು ಡಾಕ್ಟರ್ ಅಲ್ರಿ, ಸಮುದ್ರ ನೋಡಾಕ ಬಂದೇವಿ” ಎಂದು ಅವಳು ಹೇಳಿದ್ದನ್ನು ಯಾರೂ ನಂಬಲಿಲ್ಲ. ಸಮುದ್ರದಲ್ಲಿ ನೋಡುವುದೇನಿದೆ ಎಂಬುದು ಅವರಿಗೆ ತಿಳಿಯಲೇ ಇಲ್ಲ. ಉಳಿದ ದನಗಳನ್ನೂ ಅವಳೇ ನೋಡಿ, ಗೊತ್ತಿದ್ದದ್ದಕ್ಕೆ ಮದ್ದು ಹೇಳಿ, ಗೊತ್ತಿಲ್ಲದ್ದಕ್ಕೆ ದವಾಖಾನೆಗೆ ಹೋಗಿರೆಂದಳು. ಎಳನೀರು ಬಂತು, ಬಾಳೆಹಣ್ಣು ಬಂತು. ಯಾರೋ ಒಬ್ಬರು ನನಗೂ ಒಂದು ಎಳನೀರು ಕೊಡುತ್ತ, “ಕಂಪೌಂಡರ್ರಿಗೆ ಪೆಟ್ಟಾಯ್ತಾ?” ಎಂದು ಕೇಳಿದರು.

ಅಲ್ಲಿಂದ ಜಾಗ ಬದಲಿಸಿ ಕುಮಟೆಯ ಕಡೆ ಹೋದೆವು. ಸುದ್ದಿ ನಮಗಿಂತ ಮೊದಲಿನ ಬಸ್ಸಿನಲ್ಲೇ ಅಲ್ಲಿಗೆ ತಲುಪಿತ್ತು. ಒಂದು ಬದಿಯ ಹೋರಿಗೆ ನಮ್ಮ ಚಾದರ ಹೊದಿಸಿದರೆ, ಇನ್ನೊಂದು ಬದಿಯ ಹೋರಿ ಜನರನ್ನು ಕರೆಯುತ್ತಿತ್ತು. ನಾನು ಸಮುದ್ರದ ಬಗ್ಗೆ ಎಷ್ಟು ಪ್ರಶ್ನೆ ಇಟ್ಟುಕೊಂಡು ಬಂದಿದ್ದೆನೋ, ನೀಲವ್ವ ಅಷ್ಟು ಪ್ರಶ್ನೆಗಳನ್ನು ಅಲ್ಲಿನ ಜನಕ್ಕೆ ಕೇಳತೊಡಗಿದಳು. ಇಷ್ಟು ಮಳೆಯಲ್ಲಿ ಹುಲ್ಲು ಹೇಗೆ ಒಣಗಿಸುತ್ತೀರಿ, ಜೋಳದ ಕಣಿಕೆ ಇಲ್ಲದೆ ದನಕ್ಕೆ ಹೊಟ್ಟೆ ತುಂಬುತ್ತದೆಯೇ, ಕೊಟ್ಟಿಗೆಗೆ ಸೊಪ್ಪು ಯಾಕೆ ಹಾಸುತ್ತೀರಿ. ಮನೆಮನೆಗೆ ಹೋಗಿ ಕೊಟ್ಟಿಗೆ ನೋಡಿ ಬಂದಳು. ದಸ್ತಗೀರ ಸಮುದ್ರದ ನೀರನ್ನು ಬೊಗಸೆಯಲ್ಲಿ ರುಚಿ ನೋಡಿ ಉಗುಳಿದ. ನಾನು ಸ್ಟವ್ವು ಪಂಪು ಹೊಡೆಯುತ್ತ ಕೂತಿದ್ದೆ.

ಮೂರನೆಯ ಸಂಜೆ ಕೊನೆಯ ಅವಕಾಶ. ಹೊತ್ತು ಮುಳುಗಲು ಇನ್ನೂ ಸ್ವಲ್ಪ ಇತ್ತು. ಚಿತ್ರದಲ್ಲಿ ಇದ್ದ ಹಾಗೇ ಕುರ್ಚಿ ಹಾಕಿದೆ, ಚಹಾ ಸೋಸಿದೆ, ನೀಲವ್ವನನ್ನು ಕೂರಿಸಿದೆ. ಭಜಿ ಕಾಗದ ತೆಗೆದು ಹೋಲಿಸಿ ನೋಡಿದೆ. ಪರದೆಯ ಹೂವು ಬಿಟ್ಟರೆ ತಪ್ಪಿಲ್ಲ. ಕೆಂಪು ಸೂರ್ಯ ನೀರು ಮುಟ್ಟಲು ನಾಲ್ಕು ಬೆರಳು ಉಳಿದಿತ್ತು. ಆಗ ಬೀರಣ್ಣ ಎಂಬ ಮುದುಕ ಏದುಸಿರು ಬಿಡುತ್ತ ಬಂದ.

“ಮೊದಲ ಸೂಲು, ಅಮ್ಮಾ. ಮಧ್ಯಾಹ್ನ ಕರು ಹಾಕ್ತು. ದನ ಅದನ್ನ ಹತ್ರ ಸೇರ್ಸೂದಿಲ್ಲ, ಹಾಯ್ತದೆ. ಕರು ಹಾಲಿಲ್ದೆ ಸೋತು ಬಿದ್ದದೆ.”

ನೀಲವ್ವ ಕಪ್ಪು ಇಟ್ಟು ಎದ್ದಳು. “ಹತ್ತ ನಿಮಿಷ ತಡಿ” ಎಂದೆ. ಅವಳು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ನಾನೂ ಓಡಿದೆ. ನನ್ನ ಬೆನ್ನ ಹಿಂದೆ ಸೂರ್ಯ ತನ್ನ ಪಾಡಿಗೆ ತಾನು ಮುಳುಗಿದ.

ಕೊಟ್ಟಿಗೆಯಲ್ಲಿ ಕರು ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು. ನೀಲವ್ವ ಉಪ್ಪು ಮತ್ತು ತೌಡು ತರಿಸಿ, ಕಲಸಿ, ಕರುವಿನ ಮೈತುಂಬ ಸವರಿದಳು. “ನೀವು ಆಕಳ ತಲಿ ಹಿಡೀರಿ” ಎಂದು ನನಗೆ ಅಪ್ಪಣೆ ಮಾಡಿದಳು. ಹಿಡಿದೆ. ಕರುವನ್ನು ಎತ್ತಿ ತಾಯಿಯ ಮೂತಿಯ ಹತ್ತಿರ ತಂದಳು. ಆಕಳು ಬುಸ್ ಎಂದು ಮುಖ ತಿರುಗಿಸಿತು. ಮತ್ತೆ ತಂದಳು, ಮತ್ತೆ ತಿರುಗಿಸಿತು. ನೀಲವ್ವ ಅದರ ಕಿವಿಯ ಹತ್ತಿರ, “ನಿಂದವ್ವಾ ಇದು, ನೋಡು, ನಿಂದ” ಎನ್ನುತ್ತಲೇ ಇದ್ದಳು. ಎಷ್ಟು ಹೊತ್ತಾಯಿತೋ. ಉಪ್ಪಿನ ಆಸೆಗೆ ಆಕಳು ನಾಲಗೆ ಚಾಚಿ ಒಮ್ಮೆ ನೆಕ್ಕಿತು. ಇನ್ನೊಮ್ಮೆ ನೆಕ್ಕಿತು. ಆಮೇಲೆ ಉಪ್ಪು ಮರೆತು ಕರುವನ್ನೇ ನೆಕ್ಕತೊಡಗಿತು. ಕರು ತಲೆ ಎತ್ತಿತು. ಎದ್ದು, ಬಿದ್ದು, ಎದ್ದು ಮೊಲೆಗೆ ಬಾಯಿ ಹಾಕಿತು.

ನೀಲವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. “ಚೆನ್ನಿ ಕರಾನೂ ಹಿಂಗ ಬದಕತಿತ್ರಿ. ನಾ ಇದ್ದಿದ್ದಿಲ್ಲ” ಎಂದಳು. ನನಗೆ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು. ಎರಡೂ ಒಟ್ಟಿಗೆ ಆದಾಗ ಏನು ಮಾಡಬೇಕೋ ತಿಳಿಯದೆ ಆಕಳಿನ ತಲೆಯನ್ನು ಹಿಡಿದುಕೊಂಡೇ ನಿಂತಿದ್ದೆ. ಬೀರಣ್ಣ, “ಇನ್ನು ಬಿಡಿ ಕಂಪೌಂಡರ್ರೇ” ಎಂದ ಮೇಲೆ ಬಿಟ್ಟೆ. ನಮ್ಮ ವಿಳಾಸ ಬರೆದು ಕೊಡಲು ಹೇಳಿದ. ಕೊಟ್ಟೆ.

ಮರುದಿನ ಸಮುದ್ರದ ಕಡೆ ತಿರುಗಿಯೂ ನೋಡದೆ ಹೊರಟೆವು. “ಜಲ್ದಿ ಹೊಡೀಪಾ ದಸ್ತಗೀರ” ಎಂದು ದಾರಿಯುದ್ದಕ್ಕೂ ಅವಸರ ಮಾಡಿದವನು ನಾನೇ. ದೀಪ ಹಚ್ಚುವ ಹೊತ್ತಿಗೆ ಬೆಟಗೇರಿ ಮುಟ್ಟಿದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. “ಚೆನ್ನಿ ಮುಂಜಾನಿಂದ ಒದ್ದಾಡಾಕತೈತಿ, ಈಯವಲ್ದು. ನಿನ್ನ ಹೇಣತಿ ದಾರಿ ಕಾಯಾಕತೈತಿ” ಎಂದಳು. ನೀಲವ್ವ ಕಾಲು ಕೂಡ ತೊಳೆಯದೆ ಹಿತ್ತಲಿಗೆ ಓಡಿದಳು. ಒಂದು ತಾಸಿನಲ್ಲಿ ಚೆನ್ನಿ ಹೆಣ್ಣು ಕರು ಹಾಕಿತು. ಅವಳು ಹೇಳುವ ಮೊದಲೇ ನಾನು ಉಪ್ಪು ಮತ್ತು ತೌಡು ಹಿಡಿದುಕೊಂಡು ನಿಂತಿದ್ದೆ. ಬೇಕಾಗಲಿಲ್ಲ. ಚೆನ್ನಿ ತಾನಾಗಿಯೇ ನೆಕ್ಕಿತು. ಆದರೂ ನೀಲವ್ವ ನನ್ನ ಕೈಯ ಬುಟ್ಟಿ ನೋಡಿ ನಕ್ಕಳು. ಅಸುಂಡಿ ಪಂಚಾಂಗ ಎಂಬ ಮಾತನ್ನು ನಾನು ಅಂದಿನಿಂದ ಎತ್ತಲಿಲ್ಲ.

ಛಾಪಖಾನೆಯಲ್ಲಿ ಎಲ್ಲರೂ ಸಮುದ್ರ ಹೇಗಿತ್ತು ಎಂದು ಕೇಳಿದರು. ಬಹಳ ದೊಡ್ಡದಿದೆ ಎಂದು ಹೇಳಿದೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ. ತಿಂಗಳಾದ ಮೇಲೆ ಬೀರಣ್ಣನ ಕಾರ್ಡು ಬಂತು, ಯಾರ ಕೈಯಿಂದಲೋ ಬರೆಸಿದ್ದು. ಕರು ಚೆನ್ನಾಗಿದೆ, ಅದಕ್ಕೆ ನೀಲಿ ಎಂದು ಹೆಸರಿಟ್ಟಿದ್ದೇವೆ ಎಂದಿತ್ತು. ಮೇಲೆ ವಿಳಾಸ ಹೀಗಿತ್ತು: ‘ಡಾಕ್ಟರ್ ನೀಲಮ್ಮನವರಿಗೆ, ಅವರ ಕಂಪೌಂಡರರ ಮನೆ, ಬೆಟಗೇರಿ.’ ನಾನು ತಪ್ಪು ಹುಡುಕಿಯೇ ಹೊಟ್ಟೆ ಹೊರೆಯುವವನು. ಪೆನ್ಸಿಲ್ಲು ಕೈಯಲ್ಲಿ ಹಿಡಿದು ಆ ವಿಳಾಸವನ್ನು ಮೂರು ಸಲ ಓದಿದೆ. ಎಲ್ಲಿಯೂ ಗುರುತು ಹಾಕಲು ಬರಲಿಲ್ಲ.