ಹೆಂಡತಿಗೆ ಹೇಳಿಕೊಟ್ಟ ಪಾಠ

ಅವತ್ತು ಬೆಳಿಗ್ಗೆ ಕನ್ನಡಕದಂಗಡಿಯವನು ಎದುರುಮನೆಗೆ ಹೋಗಿ ಇಸ್ತ್ರಿಪೆಟ್ಟಿಗೆ ಕೇಳದೇ ಇದ್ದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಅವನ ಮನೆಯದು ಹಿಂದಿನ ಸಂಜೆ ಒಮ್ಮೆ ಚಟ್ ಎಂದು ಸದ್ದು ಮಾಡಿ ತಣ್ಣಗಾಗಿತ್ತು. ಎದುರುಮನೆಯವರು ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಇಡೀ ಕಟ್ಟಡಕ್ಕೆ ಕೋರ್ಟ್ ಮಾಮ. ಅವರ ಕೈಯಿಂದ ಯಾವ ವಸ್ತುವೂ ವಿಚಾರಣೆಯಿಲ್ಲದೆ ಹೊರಗೆ ಹೋದದ್ದಿಲ್ಲ.

"ಕೆಲಸದ ದಿನ ಇಸ್ತ್ರಿ ಅಂಗಿ ಯಾಕೋ? ನಿನ್ನ ಅಂಗಡೀಲಿ ನಿನ್ನನ್ನ ಯಾರು ನೋಡ್ತಾರೆ? ಬರೋರಿಗೆಲ್ಲ ಕಣ್ಣೇ ಕಾಣಲ್ಲ."

"ಮಧ್ಯಾಹ್ನ ವೀಸಾ ಆಫೀಸಲ್ಲಿ ಇಂಟರ್‌ವ್ಯೂ ಮಾಮ. ಅವಳದ್ದು. ನನ್ನನ್ನೂ ಕರೆದಿದಾರೆ."

"ತಯಾರಿ ಆಯ್ತಾ?"

"ಅದಕ್ಕೇನು ತಯಾರಿ? ನಾವು ಗಂಡ ಹೆಂಡತಿ. ಕೇಳಿದ್ದಕ್ಕೆ ಹೇಳೋದು, ಬರೋದು."

ಮಾಮ ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಟ್ಟು, ಆಪರೇಷನ್ನಿಗೆ ಮುಂಚೆ ಡಾಕ್ಟರು ರೋಗಿಯ ಮಕ್ಕಳನ್ನು ನೋಡುವ ಹಾಗೆ ಅವನನ್ನು ನೋಡಿದರು. "ಲೋ, ಕಟಕಟೇಲಿ ಮೊದಲು ತಡಬಡಾಯಿಸೋದು ನಿಜ ಹೇಳೋನೇ ಕಣೋ. ಸುಳ್ಳು ಹೇಳೋನು ಅಭ್ಯಾಸ ಮಾಡ್ಕೊಂಡು ಬಂದಿರ್ತಾನೆ."

ಬರೀ ಕಾಗದಪತ್ರಕ್ಕಾಗಿ ಮದುವೆ ಆಗುವವರು ಹೆಚ್ಚಿದ ಮೇಲೆ ಆ ಕಚೇರಿಯವರು ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆ ಕೂರಿಸಿ ಪ್ರಶ್ನೆ ಕೇಳುತ್ತಿದ್ದರು. ನಂಬಿಕೆ ಬರದಿದ್ದರೆ ಅವನ ಹೆಂಡತಿ ತಿಂಗಳ ಕೊನೆಯೊಳಗೆ ತನ್ನ ದೇಶಕ್ಕೆ ಹೊರಡಬೇಕು. ಊರು ನೋಡಲು ಬಂದವಳು ಅವಳು. ಕನ್ನಡಕದ ಕಡ್ಡಿ ಮುರಿದು ಅವನ ಅಂಗಡಿಗೆ ಕಾಲಿಟ್ಟಿದ್ದಳು. ಮಾರನೆಯ ದಿನ ಇನ್ನೊಂದು ಕಡ್ಡಿ ಮುರಿದಿತ್ತು. ಅದರ ಮಾರನೆಯ ದಿನ ಏನೂ ಮುರಿದಿರಲಿಲ್ಲ, ಆದರೂ ಬಂದಿದ್ದಳು. ಅವಳಿಲ್ಲದ ಮನೆಯನ್ನು ಕಲ್ಪಿಸಿಕೊಳ್ಳಲು ಹೋಗಿ ಅವನು ಅರ್ಧಕ್ಕೇ ನಿಲ್ಲಿಸಿದ.

ಅವನು ಇಸ್ತ್ರಿಗೆ ನಿಲ್ಲುವಷ್ಟರಲ್ಲಿ ಮಾಮ ಮನೆಯೊಳಗೇ ಬಂದಾಗಿತ್ತು. ಅವರ ಫೋನಿಗೆ ಓಗೊಟ್ಟು ಪಕ್ಕದ ಬೀದಿಯಿಂದ ಅವನ ಅಕ್ಕ ಒದ್ದೆ ತಲೆಯಲ್ಲೇ ಓಡಿಬಂದಳು. ಗದ್ದಲ ಕೇಳಿ ಕೆಳಮನೆಯ ಬ್ಯೂಟಿ ಪಾರ್ಲರಿನಾಕೆ ಬಾಚಣಿಗೆ ಹಿಡಿದೇ ಹತ್ತಿಬಂದಳು. ನಡುಮನೆಯಲ್ಲಿ ಒಂದು ಕುರ್ಚಿ ಹಾಕಿ ಅವನ ಹೆಂಡತಿಯನ್ನು ಕೂರಿಸಿದರು.

ಅವಳು ಇಲ್ಲಿಯ ಭಾಷೆ ಕಲಿತದ್ದು ಒಂದು ಹಳೆಯ ವ್ಯಾಕರಣ ಪುಸ್ತಕದಿಂದ ಮತ್ತು ರೇಡಿಯೋ ವಾರ್ತೆಯಿಂದ. ಹೀಗಾಗಿ ಉಪ್ಪಿನ ಡಬ್ಬಿ ಕೇಳಿದರೂ ಮಂತ್ರಿಮಂಡಲ ರಾಜೀನಾಮೆ ಕೊಟ್ಟಂತೆ ಕೇಳಿಸುತ್ತಿತ್ತು. ಕಟ್ಟಡದವರು ಅವಳಿಗೆ ಪ್ರೀತಿಯಿಂದ 'ವಾರ್ತೆ' ಎಂದೇ ಹೆಸರಿಟ್ಟಿದ್ದರು.

"ಹೇಳಮ್ಮ, ನಿನ್ನ ಗಂಡ ಬೆಳಿಗ್ಗೆ ಎದ್ದ ತಕ್ಷಣ ಏನ್ ಮಾಡ್ತಾನೆ?" ಮಾಮ ಶುರು ಮಾಡಿದರು.

"ತಮ್ಮ ಕನ್ನಡಕವನ್ನು ಹುಡುಕುವರು. ಅದು ಕಾಣದಿದ್ದಾಗ ನನ್ನ ಕನ್ನಡಕವನ್ನು ಧರಿಸಿ, ಅದರ ನೆರವಿನಿಂದ ತಮ್ಮದನ್ನು ಹುಡುಕುವರು."

"ಟೀಗೆ ಸಕ್ಕರೆ?"

"ಹಾಕ್ಕೊಳಲ್ಲ," ಅಕ್ಕ ನಡುವೆ ಬಾಯಿ ಹಾಕಿದಳು. "ಚಿಕ್ಕಂದಿನಿಂದ್ಲೂ ಹಾಕ್ಕೊಳಲ್ಲ."

"ಕ್ಷಮಿಸಿ ಅತ್ತಿಗೆ. ತಮ್ಮ ಮನೆಯಲ್ಲಿ ಮಾತ್ರ ಹಾಕಿಕೊಳ್ಳುವುದಿಲ್ಲ. ಇಲ್ಲಿ ಎರಡು ಚಮಚ. ಅಂಗಡಿಯಲ್ಲಿ ಎಷ್ಟೆಂಬುದು ಇನ್ನೂ ತಿಳಿದುಬಂದಿಲ್ಲ."

"ಹೌದೇನೋ?" ಅಕ್ಕ ತಮ್ಮನ ಕಡೆ ತಿರುಗಿದಳು. ತಮ್ಮ ಫ್ಯಾನಿನ ರೆಕ್ಕೆಗಳನ್ನು ಎಣಿಸುತ್ತಿದ್ದ.

ನಿದ್ದೆ, ಗೊರಕೆ, ನೆಂಟರು, ಅವನು ಹೆದರುವ ಹಲ್ಲಿ, ಅವನು ಬಚ್ಚಲಲ್ಲಿ ಹಾಡುವ ರಾಗ, ಎಲ್ಲಕ್ಕೂ ಅವಳ ಬಳಿ ಉತ್ತರವಿತ್ತು. ಇಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಮಾಮ ತಲೆ ಕೊಡವಿದರು. "ಉತ್ತರ ಸರಿ. ಭಾಷೆ ಮಾತ್ರ ನಡೆಯಲ್ಲ. 'ಧರಿಸುವರು' ಅನ್ನೋ ಹೆಂಡತಿನ ಯಾವ ಆಫೀಸರ್ ನಂಬ್ತಾನೆ? ಕಂಠಪಾಠ ಅಂತಾನೆ."

"ದೂರು ಹೇಳ್ಬೇಕು ಮಾಮ," ಎಂದಳು ಪಾರ್ಲರಿನಾಕೆ. "ನನ್ನ ಕುರ್ಚೀಲಿ ಕೂತ ಯಾವ ಹೆಂಗಸೂ ಗಂಡನ್ನ ಬೈದೆ ಎದ್ದಿಲ್ಲ. ಹೊಗಳಿದೋಳು ಒಬ್ಳೇ. ಅವಳಿಗಿನ್ನೂ ಮದುವೆ ಆಗಿರ್ಲಿಲ್ಲ."

ಎಲ್ಲರೂ ಸೇರಿ ಅವಳಿಂದ ದೂರು ಹೊರಡಿಸಲು ಕೂತರು. ಅವಳು ಬಹಳ ಹೊತ್ತು ಯೋಚಿಸಿ, "ಇಲ್ಲ," ಎಂದಳು. ಆಮೇಲೆ ಗಂಡನ ಕಡೆ ನೋಡಿ ಮೆಲ್ಲಗೆ ಕೇಳಿದಳು: "ನನ್ನನ್ನು ಕುರಿತು ಇವರನ್ನು ಯಾರೂ ಪ್ರಶ್ನಿಸಲಿಲ್ಲವಲ್ಲ?"

"ವೀಸಾ ಬೇಕಾಗಿರೋದು ನಿನಗಮ್ಮ. ಅವನು ಇಲ್ಲೇ ಹುಟ್ಟಿದೋನು, ಅವನನ್ನೇನು ಕೇಳ್ತಾರೆ?" ಎಂದರು ಮಾಮ.

ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ದೂರು ಕೇಳುವ ಕುತೂಹಲದಲ್ಲಿ ಅವನು ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಬೆನ್ನ ಮೇಲೇ ಮರೆತಿದ್ದ. ತೂತು ಮುಚ್ಚಲು ಮಾಮ ತಮ್ಮ ಕಪ್ಪು ಕೋಟು ತಂದು ತೊಡಿಸಿದರು; ಅದರ ತೋಳಿನೊಳಗೆ ಅವನ ಕೈಗಳು ಪತ್ತೆಯಿಲ್ಲದಾದವು. ಇತ್ತ ಪಾರ್ಲರಿನಾಕೆ ಅವನ ಹೆಂಡತಿಯ ಕೂದಲನ್ನು ಎಷ್ಟು ಎತ್ತರಕ್ಕೆ ಕಟ್ಟಿದಳೆಂದರೆ ಪಾಸ್‌ಪೋರ್ಟಿನ ಫೋಟೋಕ್ಕೂ ಅವಳಿಗೂ ಯಾವ ಸಂಬಂಧವೂ ಉಳಿಯಲಿಲ್ಲ. ಅಕ್ಕ ಗಾಬರಿಯಾಗಿ ಅವಳ ತಲೆಯನ್ನು ನಲ್ಲಿಗೆ ಒಡ್ಡಿದಳು. ಟ್ಯಾಕ್ಸಿ ಹತ್ತುವಾಗ ಗಂಡ ಬೆವರುತ್ತಿದ್ದ, ಹೆಂಡತಿ ತೊಟ್ಟಿಕ್ಕುತ್ತಿದ್ದಳು. ಮಾಮ ಮತ್ತು ಅಕ್ಕ ಕೂಡ ಹತ್ತಿದರು.

ಗೇಟಿನಲ್ಲಿ ಕಾವಲುಗಾರ ತಡೆದ. "ಇವ್ರಿಬ್ರು ಯಾರು?"

"ಸಾಕ್ಷಿಗಳು," ಎಂದರು ಮಾಮ.

"ಸಾಕ್ಷಿಗಳು ಆಚೆ."

ಒಳಗೆ ಮೊದಲು ಕರೆದದ್ದು ಗಂಡನನ್ನು. ಮೇಜಿನಾಚೆ ನೆಗಡಿಯಾಗಿದ್ದ ನಡುವಯಸ್ಸಿನ ಹೆಂಗಸು. ಆಕೆಯ ಕನ್ನಡಕ ಒಂದು ಕಡೆಗೆ ವಾಲಿತ್ತು. ಎದ್ದು ಸರಿಪಡಿಸಬೇಕೆಂಬ ಆಸೆಯನ್ನು ಅವನು ಕಷ್ಟಪಟ್ಟು ಅದುಮಿಕೊಂಡ.

"ನಿಮ್ಮ ಹೆಂಡತಿ ಕಣ್ಣಿನ ಬಣ್ಣ ಯಾವುದು?"

"ಎಡಗಣ್ಣಿಗೆ ಪವರ್ ಜಾಸ್ತಿ ಮೇಡಂ, ಬಲಗಣ್ಣಿಗೆ ಕಮ್ಮಿ. ಓದೋಕೆ ತೊಂದರೆ ಇಲ್ಲ."

"ನಾನು ಬಣ್ಣ ಕೇಳಿದೆ."

ದಿನವಿಡೀ ಬೇರೆಯವರ ಕಣ್ಣೊಳಗೆ ದೀಪ ಹಾಕಿ ನೋಡುವವನಿಗೆ ಆ ಕ್ಷಣದಲ್ಲಿ ಯಾವ ಬಣ್ಣವೂ ಹೊಳೆಯಲಿಲ್ಲ. "ಕಪ್ಪು ಇರ್ಬೇಕು," ಎಂದ.

"ಮದುವೆಗೆ ಮುಂಚೆ ಏನು ಕೆಲಸದಲ್ಲಿದ್ರು?"

"ಆಫೀಸಲ್ಲಿ."

"ಯಾವ ಆಫೀಸು?"

"ದೊಡ್ಡದು ಮೇಡಂ."

"ನೀವು ಅಂಗಡಿಗೆ ಹೋದ್ಮೇಲೆ ದಿನವೆಲ್ಲ ಏನು ಮಾಡ್ತಾರೆ?"

"ರೇಡಿಯೋ ಕೇಳ್ತಾಳೆ. ಆಮೇಲೆ... ನಾನು ಬರೋದನ್ನ ಕಾಯ್ತಾಳೆ." ಹೇಳಿದ ಮೇಲೆ ಆ ಮಾತು ಅವನಿಗೇ ವಿಚಿತ್ರವಾಗಿ ಕೇಳಿಸಿತು.

"ಕೊನೇ ಸಲ ಅತ್ತಿದ್ದು ಯಾವಾಗ?"

"ಅವಳು ಅಳೋದೇ ಇಲ್ಲ. ನಗ್ತಾನೇ ಇರ್ತಾಳೆ."

ಆಕೆ ಮೂಗೊರೆಸಿಕೊಂಡು, "ಆಚೆ ಕೂತಿರಿ," ಎಂದಳು.

ಹೆಂಡತಿ ಒಳಗೆ ಹೋದಳು. ಅವನು ಬೆಂಚಿನ ಮೇಲೆ, ಮಾಮನ ಕೋಟಿನೊಳಗೆ ಕುಗ್ಗಿ ಕೂತ. ತನಗೆ ಎಷ್ಟು ಚಮಚ ಸಕ್ಕರೆ ಎಂದು ಅವಳಿಗೆ ಗೊತ್ತು. ಅವಳಿಗೆ ಎಷ್ಟು? ಅವಳು ಟೀ ಕುಡಿಯುತ್ತಾಳೋ ಇಲ್ಲವೋ? ಲೋಟ ಹಿಡಿದ ಅವಳ ಕೈ ನೆನಪಾಯಿತು, ಲೋಟದೊಳಗೆ ಏನಿತ್ತು ಎಂಬುದು ನೆನಪಾಗಲಿಲ್ಲ. ಅವಳು ಹೊರಟುಹೋದರೆ ಅದು ಸರ್ಕಾರದ ತಪ್ಪಲ್ಲ ಅನಿಸಿತು.

ಸ್ವಲ್ಪ ಹೊತ್ತಿಗೆ ಇಬ್ಬರನ್ನೂ ಒಟ್ಟಿಗೆ ಕೂರಿಸಿದರು.

"ನಿಮ್ಮ ಉತ್ತರ ಒಂದೂ ಸರಿ ಇಲ್ಲ," ಎಂದಳು ಅಧಿಕಾರಿ. "ಇವರ ಕಣ್ಣು ಜೇನಿನ ಬಣ್ಣ. ಇವರು ಅವರೂರಲ್ಲಿ ಟ್ರಾಮ್ ಓಡಿಸ್ತಿದ್ರು. ನೀವು ಹೋದ್ಮೇಲೆ ಬಸ್ ಹತ್ತಿ, ಡ್ರೈವರ್ ಹಿಂದಿನ ಸೀಟಲ್ಲಿ ಕೂತು, ಕೊನೇ ಸ್ಟಾಪ್ ತನಕ ಹೋಗಿ ವಾಪಸ್ ಬರ್ತಾರೆ. ಅತ್ತಿದ್ದು ಮೊನ್ನೆ. ನಲ್ಲಿ ಬಿಟ್ಕೊಂಡು."

ಅವನು ಹೆಂಡತಿಯನ್ನು ನೋಡಿದ. ಅವಳು ಕೈಚೀಲದ ಕೊಂಡಿಯನ್ನು ನೋಡುತ್ತಿದ್ದಳು.

"ಮೇಡಂ, ತಪ್ಪೆಲ್ಲ ನಂದು. ಅವಳನ್ನ ಕಳಿಸ್ಬೇಡಿ."

"ಪೂರ್ತಿ ಕೇಳಿ. ಇದನ್ನೆಲ್ಲ ಹೇಳಿ ಇವರು ಇನ್ನೊಂದು ಮಾತು ಸೇರಿಸಿದ್ರು. 'ಬಣ್ಣ ಕೇಳಿದರೆ ಪವರ್ ಹೇಳುವರು. ಕೆಲಸ ಕೇಳಿದರೆ ಆಫೀಸು ಎನ್ನುವರು, ಯಾವುದೆಂದರೆ ದೊಡ್ಡದು ಎನ್ನುವರು. ನಾನು ಅಳುವುದೇ ಇಲ್ಲವೆಂದು ನಂಬಿರುವರು.' ಅಕ್ಷರಶಃ ನೀವು ಹಾಗೇ ಹೇಳಿದೀರಿ." ಆಕೆ ಸೀಲು ಎತ್ತಿಕೊಂಡಳು. "ಬಾಡಿಗೆ ಗಂಡ ಆಗಿದ್ರೆ ಪಾಠ ಕಲಿತು ಬರ್ತಿದ್ದ. ಇಷ್ಟು ಖಾಲಿ ತಲೇಲಿ ಬರೋನು ನಿಜವಾದ ಗಂಡನೇ. ಹೋಗಿ."

ಸೀಲಿನ ಸದ್ದಿಗೆ ಅವನು ಬೆಚ್ಚಿಬಿದ್ದ.

ಗೇಟಿನಾಚೆ ಮಾಮ ಬೀಗಿದರು. "ನೋಡಿದ್ಯಾ, ತಯಾರಿ ಅಂದ್ರೆ ಇದು!" ಅಕ್ಕ ನಾದಿನಿಯ ಒದ್ದೆ ತಲೆಯನ್ನು ಬರಿಗೈಯಿಂದಲೇ ಒರೆಸಿದಳು. ಹೆಂಡತಿ ಗಂಡನ ಕಡೆ ತಿರುಗಿ ಹೇಳಿದಳು:

"ಇನ್ನು ನಾನು ಹೋಗಿ ಹಿಂದಿರುಗಿ ಬರಬಹುದು. ತಾಯಿಯನ್ನು ನೋಡಿ ಬರೋಣ. ತಾವೂ ಬರಬೇಕು."

"ಖಂಡಿತ ಬರ್ತೀನಿ," ಎಂದ ಅವನು. ಆ ಕ್ಷಣದಲ್ಲಿ ನಡೆದುಕೊಂಡು ಬಾ ಎಂದಿದ್ದರೂ ಹೊರಡುತ್ತಿದ್ದ.

"ತಮಗೂ ವೀಸಾ ಬೇಕಾಗುವುದು. ನಮ್ಮ ದೇಶದ ಕಚೇರಿಯಲ್ಲಿಯೂ ಹೀಗೆಯೇ ಬೇರೆ ಬೇರೆ ಕೂರಿಸಿ ಪ್ರಶ್ನಿಸುವರು."

ಅವನ ನಗು ಅಲ್ಲೇ ನಿಂತಿತು. "ಅಲ್ಲೂ ನೀನು ಹೀಗೇ ಹೇಳ್ಬಿಡು. ಇವರಿಗೆ ಏನೂ ಗೊತ್ತಿಲ್ಲ ಅಂತ."

"ಅಲ್ಲಿ ಅದು ಸಾಲದು. ಮೇಲಾಗಿ ಪ್ರಶ್ನೆಗಳು ನಮ್ಮ ಭಾಷೆಯಲ್ಲಿರುವುವು."

"ಚಿಂತೆ ಮಾಡ್ಬೇಡ ಕಣೋ, ಇವತ್ತೇ ಶುರು ಮಾಡೋಣ," ಎಂದು ಮಾಮ ಕೈ ಉಜ್ಜಿಕೊಂಡರು.

ಅವಳ ಭಾಷೆಯಲ್ಲಿ ಅವನಿಗೆ ಬರುತ್ತಿದ್ದುದು ಒಂದೇ ಒಂದು ಪದ. ಅತ್ತೆ ಫೋನ್ ಮಾಡಿದಾಗಲೆಲ್ಲ ಭಕ್ತಿಯಿಂದ ಅದನ್ನೇ ಹೇಳುತ್ತಿದ್ದ, ನಮಸ್ಕಾರ ಎಂದು ತಿಳಿದು. ಟ್ಯಾಕ್ಸಿಯಲ್ಲಿ, ಇದಾದರೂ ಒಂದು ಬರುತ್ತದಲ್ಲ ಎಂಬ ಧೈರ್ಯದಲ್ಲಿ, ಹೆಂಡತಿಯ ಮುಂದೆ ಹೇಳಿ ತೋರಿಸಿದ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಬಹಳ ಹೊತ್ತು ನಕ್ಕಳು. ಅದರ ಅರ್ಥ 'ಇನ್ನೂ ಜೋರಾಗಿ ಹೇಳಿ' ಎಂದಂತೆ. ಪಾಪ, ಆ ಮುದುಕಿ ಪ್ರತಿ ಸಲವೂ ಅಷ್ಟು ಕಿರುಚಿಕೊಳ್ಳುತ್ತಿದ್ದುದು ಅದಕ್ಕೇ; ಅವನು ಮಾತ್ರ ಆಕೆಗೆ ಕಿವಿ ಮಂದ ಎಂದುಕೊಂಡು ಇಷ್ಟು ದಿನ ಮರುಗಿದ್ದ.