ಸೆಲ್ವಿಯ ತುಟಿಗೆ ಬಂದ ಅಮ್ಮ

ನಮ್ಮಲ್ಲಿ ಸೊಸೆಯಾದವಳು ಹಗಲು ಹೊತ್ತು ಮಲಗಬೇಕಾದರೆ ಒಂದೋ ಹೆರಬೇಕು, ಇಲ್ಲವೇ ದೇವರಾಗಬೇಕು. ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸಿನ ಸೆಲ್ವಿಗೆ ಹೆರುವ ಕೆಲಸ ಎಂದೋ ಮುಗಿದಿತ್ತು. ಮಗಳು ಹಾಸ್ಟೆಲ್ಲಿನಲ್ಲಿ ಓದುತ್ತಿದ್ದಳು.

ಬೆಳಗಾಗುವ ಮುಂಚೆ ಮಾರಿಕುಪ್ಪಂ ರೈಲು ಹತ್ತಿ, ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಇಡೀ ದಿನ ಕಾಲರು ಹೊಲಿದು, ಮನೆಗೆ ಬಂದು ಮುದ್ದೆ ತಿರುವುವ ಹೆಂಗಸು ಅವಳು. ನಿದ್ದೆಯನ್ನು ಬಂಗಾರಪೇಟೆ ದಾಟಿದ ಮೇಲೆ, ಸೀಟು ಸಿಕ್ಕರೆ ಕೂತು, ಸಿಗದಿದ್ದರೆ ಕಂಬಿ ಹಿಡಿದು, ಚೂರುಚೂರಾಗಿ ಮುಗಿಸುತ್ತಿದ್ದಳು. ದಣಿವು ಮಿತಿ ಮೀರಿದಾಗಲೆಲ್ಲ ಅವಳ ತುಟಿಯ ಅಂಚು ಚುಮುಚುಮು ಎನ್ನುತ್ತಿತ್ತು. ಮೊದಲು ಇರುವೆ ಹರಿದಂತೆ, ಆಮೇಲೆ ಬಿಗಿದಂತೆ, ಆಮೇಲೆ ಸಣ್ಣಗೆ ಉರಿ. ಮಾರನೆಯ ದಿನ ಅಲ್ಲೇ ನೀರುಗುಳ್ಳೆಗಳ ಗೊಂಚಲು. "ಇದು ಜ್ವರದ ಗುಳ್ಳೆ. ಚುಮುಚುಮು ಅಂದ ಕೂಡಲೇ ಮುಲಾಮು ಹಚ್ಚು. ಅಂಟೋ ಕಾಯಿಲೆ, ನಿನ್ನ ಲೋಟ ಯಾರಿಗೂ ಕೊಡಬೇಡ" ಎಂದು ಗಾರ್ಮೆಂಟ್ಸಿನ ನರ್ಸು ಹೇಳಿದ್ದಳು.

ಈ ಸಲ ಚುಮುಚುಮು ಗೊತ್ತಾಯಿತು. ಮುಲಾಮು ಹುಡುಕುವಷ್ಟು ತ್ರಾಣ ಇರಲಿಲ್ಲ. ಬೆಳಗ್ಗೆ ಗುಳ್ಳೆಗಳನ್ನು ಮೊದಲು ಕಂಡವಳು ಅತ್ತೆ ಮಾರಿಯಮ್ಮ. ಮುಖದ ಮೇಲೆ ನೀರುಗುಳ್ಳೆ ಎದ್ದರೆ ದೇವಿಯೇ ಮೈಮೇಲೆ ಬಂದಳೆಂದು ನಂಬಿದ ಹಳೆಯ ಕಾಲದವಳು.

"ಲೇ ಕಾಂತ, ಅಮ್ಮ ಬಂದವ್ಳೆ ಕಣ್ಲಾ" ಎಂದು ಮಗನನ್ನು ಕೂಗಿದಳು.

"ಅಲ್ಲ ಅತ್ತೆ, ಇದು..."

"ಮಾತಾಡ್ಬ್ಯಾಡ ತಾಯಿ. ಚಾಪೆ ಮ್ಯಾಲೆ ಮನಿಕ್ಕೊ. ಅಮ್ಮ ಇರೋಗಂಟ ನೀನು ಕಡ್ಡಿ ಎತ್ತಂಗಿಲ್ಲ, ನಿನ್ನ ಯಾರೂ ಬೈಯಂಗಿಲ್ಲ."

ಸೆಲ್ವಿಯ ತೆರೆದ ಬಾಯಿ ಮುಚ್ಚಿಕೊಂಡಿತು. (ನೀವಾದರೂ ಮುಚ್ಚಿಕೊಳ್ಳುತ್ತಿದ್ದಿರಿ.)

ಬಾಗಿಲಿಗೆ ಬೇವಿನಸೊಪ್ಪು ಏರಿತು. ಅಡುಗೆಮನೆಯ ಮಹಾಪಟ್ಟ ಪೇಂಟಿಂಗ್ ಕೆಲಸದ ಕಾಂತರಾಜನಿಗೆ ಕಟ್ಟಲಾಯಿತು.

"ಒಗ್ಗರಣೆ ಆಕಂಗಿಲ್ಲ, ಚೊಯ್ ಅಂದ್ರೆ ಅಮ್ಮಂಗೆ ಆಗಲ್ಲ" ಎಂದಳು ತಾಯಿ.

"ಒಗ್ಗರಣೆ ಇರ್ಲಿ, ಈ ಗ್ಯಾಸು ಯಾವ ಕಡೆಗೆ ತಿರುಗಿಸೋದು?" ಎಂದ ಮಗ.

ಸೆಲ್ವಿ ಕಣ್ಣು ಮುಚ್ಚಿದಳು. ಅಷ್ಟರಲ್ಲಿ ಪಕ್ಕದ ಮನೆಯ ಕಲಾ ಬಂದು ಅಡ್ಡಬಿದ್ದಳು. "ತಾಯೇ, ನಮ್ಮನೆಯವ್ನು ಕುಡಿಯೋದು ಬಿಡ್ತಾನಾ?"

ದೇವಿ ಆಕಳಿಸಿದಳು.

"ಆಕಳಿಸ್ತಾವ್ಳೆ. ಅಂಗಂದ್ರೆ ಬಿಡಲ್ಲ" ಎಂದು ಕಲಾ ಅಲ್ಲೇ ಕೂತು ಅತ್ತಳು. ಅವಳ ಹಿಂದೆ ಗಣಿ ಲೈನುಮನೆಗಳ ಸಾಲಿನ ಹೆಂಗಸರೆಲ್ಲ. ದೇವಿ ಗೋಡೆಗೆ ಒರಗಿ ಕೂತೇ ದರ್ಶನ ಕೊಟ್ಟಳು.

ಸಂಜೆ ಅವಳು ಅರ್ಧ ಕುಡಿದಿಟ್ಟ ಅಂಬಲಿಯ ಲೋಟವನ್ನು ಮಾರಿಯಮ್ಮ ಮಗನ ಕೈಗಿತ್ತಳು. "ಕುಡಿ, ಪ್ರಸಾದ."

ಸೆಲ್ವಿಗೆ ನರ್ಸಿನ ಮಾತು ನೆನಪಾಯಿತು. ನಿಜ ಹೇಳಿದರೆ ಚಾಪೆ ಹೋಗುತ್ತದೆ. ಹೇಳದಿದ್ದರೆ ಗಂಡನ ತುಟಿ ಹೋಗುತ್ತದೆ. "ಎತ್ತಿ ಕುಡೀರಿ" ಎಂದಷ್ಟೇ ಹೇಳಿ ನೋಡಿದಳು.

"ಪ್ರಸಾದಾನ ಯಾರಾದ್ರೂ ಎತ್ತಿ ಕುಡೀತಾರಾ? ಕಚ್ಚಿ ಕುಡಿಲಾ" ಎಂದಳು ಅತ್ತೆ. ಅವನು ಅಂಚು ಕಚ್ಚಿ ತಳದವರೆಗೂ ಹೀರಿದ. ಸೆಲ್ವಿ ಗೋಡೆಯ ಕಡೆ ತಿರುಗಿದಳು. ಒಬ್ಬಳ ನಿದ್ದೆಗೆ ಸುಳ್ಳಿನ ಬೆಲೆ ಕಟ್ಟಿಸಿಕೊಳ್ಳುವ ಮನೆಗೆ ಏನೆನ್ನಬೇಕು? ಅಷ್ಟು ತೆತ್ತರೂ ನಿದ್ದೆ ಬರಲಿಲ್ಲ, ಮನಸ್ಸು ಚುಚ್ಚುತ್ತಿತ್ತು.

ಗುಳ್ಳೆ ಒಣಗಿತು, ಅವಳು ಮತ್ತೆ ರೈಲು ಹತ್ತಿದಳು. ಕೆಲವು ದಿನ ಕಳೆದ ಮೇಲೆ, ಅವಳು ಡಬ್ಬಿ ಕಟ್ಟುತ್ತಿದ್ದಾಗ ಕಾಂತರಾಜ ಎದ್ದು ಬಂದ. "ಸೆಲ್ವಿ, ತುಟಿ ಯಾಕೋ ಚುಮುಚುಮು ಅಂತೈತೆ."

"ಇರುವೆ ಅರಿದಂಗಾ?"

"ಊ. ಬಿಗೀನೂ ಐತೆ, ಉರೀನೂ ಐತೆ."

"ಮೆಲ್ಲಗೆ ಮಾತಾಡ್ರಿ. ಮುಲಾಮು ಅಚ್ತೀನಿ, ಇಲ್ ಬನ್ನಿ."

ಅಷ್ಟರಲ್ಲಿ ಅಂಗಳದಲ್ಲಿ ಬೇವಿನ ಕೊಂಬೆ ಲಟಕ್ ಎಂದಿತು. ಮಾರಿಯಮ್ಮನ ಕಿವಿ ಚುರುಕು. ಮಾರನೆಯ ದಿನ ಗುಳ್ಳೆಗಳೂ ತಪ್ಪದೆ ಎದ್ದವು. ಚಾಪೆಯ ಮೇಲಿನ ಕಾಂತರಾಜನಿಗೆ ದೈವತ್ವ ಬಹಳ ಬೇಗ ಒಗ್ಗಿತು. "ಅಮ್ಮಂಗೆ ಎಳನೀರು ಬೇಕಂತೆ. ಅಮ್ಮಂಗೆ ಬೀಸಣಿಗೆ ಬೀಸ್ಬೇಕಂತೆ" ಎಂದು ತುಟಿ ಅಲುಗಿಸದೆ ಅಪ್ಪಣೆ ಕೊಡತೊಡಗಿದ. ರೈಲಿಗೆ ಹೊರಟ ಸೆಲ್ವಿಯನ್ನು ಅತ್ತೆ ತಡೆದಳು. "ರಜಾ ಆಕು. ಅಮ್ಮನ ಸೇವೆ ಯಾರು ಮಾಡ್ತಾರೆ?"

ಸೆಲ್ವಿಗೆ ಸಾಕಾಯಿತು. "ಇದು ಅಮ್ಮ ಅಲ್ಲ ಅತ್ತೆ. ಬರೀ ಗುಳ್ಳೆ. ನಂದೂ ಅದೇ ಆಗಿತ್ತು, ನನ್ನ ಲೋಟದಿಂದಾನೇ ಇವರಿಗೆ ಅಂಟೈತೆ."

ಮಾರಿಯಮ್ಮ ಸೊಸೆಯನ್ನು ಕನಿಕರದಿಂದ ನೋಡಿದಳು. "ನಿನ್ನ ಬಿಟ್ಟು ನನ್ನ ಮಗನತ್ರ ಬಂದ್ಲು ಅಂತ ಒಟ್ಟೆಕಿಚ್ಚಾ? ಅಡ್ಡಬಿದ್ದು ತಪ್ಪಾಯ್ತು ಅನ್ನು, ಮೊದ್ಲು."

ಚಾಪೆಯ ಮೇಲಿನ ದೈವ ಪಾದ ಮುಂದೆ ಚಾಚಿತು.

ಸೆಲ್ವಿ ಬಗ್ಗಿ ಹಣೆಯನ್ನು ನೆಲಕ್ಕೆ ಮುಟ್ಟಿಸಿದಳು. ಗಾರೆ ನೆಲ ತಣ್ಣಗಿತ್ತು. ಅವಳು ಏಳಲಿಲ್ಲ.

"ನೋಡ್ದಾ, ಎಂಥಾ ಭಕ್ತಿ" ಎಂದು ಮಾರಿಯಮ್ಮ ಕಣ್ಣೊರೆಸಿಕೊಂಡಳು. ಸ್ವಲ್ಪ ಹೊತ್ತಾಯಿತು. ಇನ್ನೂ ಸ್ವಲ್ಪ ಹೊತ್ತಾಯಿತು. ಭಕ್ತಿಯ ಒಳಗಿನಿಂದ ಸಣ್ಣಗೆ ಗೊರಕೆ ಕೇಳಿಸಿತು.

"ಅಂಗಾದ್ರೆ ಅಂಬಲಿ ಯಾರು ಕಾಯಿಸ್ತಾರೆ?" ಎಂದಳು ಅಮ್ಮ, ಕಾಂತರಾಜನ ದನಿಯಲ್ಲಿ.